ಚಿಗರಿ ಕಂಟ್ರೋಲ್

ಕಲಬುರಗಿ ಕಡೆಯ ಚಿಗರಿಗಳು, ಅಂದರೆ ಜಿಂಕೆಗಳು, ಹುಲಿಯನ್ನು ನೋಡಿಲ್ಲ. ಅವುಗಳ ಅವ್ವ ನೋಡಿಲ್ಲ, ಅವ್ವನ ಅವ್ವ ನೋಡಿಲ್ಲ. ಈ ಮಾತನ್ನು ನಾನು ನಮ್ಮ ಡೈರೆಕ್ಟರ್ ವಿವೇಕಾನಂದ ಸರ್ ಮುಂದೆ, ಅವರು ಹೊಸ ಯೋಜನೆಯ ಮಾತೆತ್ತಿದ ಮೊದಲ ದಿನವೇ ಹೇಳಿದ್ದೆ. ಅವರು ಚಹಾದ ಕಪ್ಪು ಕೆಳಗಿಟ್ಟು, "ನೋಡಿಲ್ಲ ಅಂತನೇ ಹೆದರ್ತಾವರೀ ಮೇಡಂ. ದೆವ್ವ ಯಾರ್ ನೋಡ್ಯಾರ ಹೇಳ್ರಿ?" ಅಂದರು. ಆಗಲೇ ಚಪ್ಪಲಿ ಮೆಟ್ಟಿಕೊಂಡು ಎದ್ದು ಬಂದಿದ್ದರೆ ನನ್ನ ಬಿ.ಪಿ. ಇವತ್ತು ನೆಟ್ಟಗಿರುತ್ತಿತ್ತು.

ನಾನು ಪಂಚಶೀಲಾ. ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಜಗತ್ ಸರ್ಕಲ್ ಹತ್ತಿರ ಸೀರೆ ಅಂಗಡಿಯ ಮಾಳಿಗೆ ಮೇಲಿರುವ ವನ್ಯಮಿತ್ರ ಪ್ರತಿಷ್ಠಾನದಲ್ಲಿ ಮೌಲ್ಯಮಾಪನ ಅಧಿಕಾರಿ ಆಗಿದ್ದೇನೆ. ಪ್ರತಿಷ್ಠಾನ ಮಾಡುವ ಕೆಲಸಗಳಲ್ಲಿ ಯಾವುದರಿಂದ ಪ್ರಾಣಿಗೆ ಉಪಯೋಗವಾಯಿತು, ಯಾವುದರಿಂದ ಬರೀ ಫೋಟೊ ಬಂತು ಎಂದು ಪರೀಕ್ಷೆ ಮಾಡಿ ಹೇಳುವುದು ನನ್ನ ಕೆಲಸ. ನಮ್ಮಲ್ಲಿ ಫೋಟೊ ಬಹಳ ಚೆನ್ನಾಗಿ ಬರುತ್ತಿದ್ದವು. ಒಂದು ಸಲ ಊರ ತುಂಬ ಗುಬ್ಬಿ ಗೂಡು ಹಂಚಿದ್ದರು. ಗುಬ್ಬಿ ಬಂದವೋ ಇಲ್ಲವೋ ಯಾರೂ ತಿರುಗಿ ನೋಡಿರಲಿಲ್ಲ. ನಾನು ಏಣಿ ಹತ್ತಿ ನೋಡಿದರೆ ಒಂದರಲ್ಲಿ ಕಣಜ ಕೂತಿತ್ತು, ಇನ್ನೊಂದರಲ್ಲಿ ಆ ಮನೆಯವರು ಬೀಗದ ಕೈ ಇಟ್ಟಿದ್ದರು. ಅದನ್ನು ವರದಿಯಲ್ಲಿ ಬರೆದೆ. ವಿವೇಕಾನಂದ ಸರ್ ಓದಿ, "ಜನರು ಗೂಡಿನ ಸದುಪಯೋಗ ಪಡೆದುಕೊಂಡಿದ್ದಾರೆ" ಎಂದು ತಿದ್ದಿ ಕಳಿಸಿದರು.

ಅಂಥ ಪ್ರತಿಷ್ಠಾನದ ಹೊಸ ಯೋಜನೆಯ ಹೆಸರು ವ್ಯಾಘ್ರಘೋಷ. ಅದು ಹುಟ್ಟಿದ್ದು ಕಮಲಾಪುರದಲ್ಲಿ.

ಕಮಲಾಪುರದ ಆಚೆ ಒಂದು ಹಳ್ಳ ಇದೆ. ಹಳ್ಳದ ಈ ಕಡೆ ಸಾಯಬಣ್ಣ ಸಾವ್ಕಾರರ ಮತ್ತು ಅವರ ಬೀಗರು ಬಿಜ್ಜರ ತೊಗರಿ ಹೊಲಗಳು. ಆ ಕಡೆ ಭೀಮನಗರ ಓಣಿಯವರ ತುಂಡು ಹೊಲಗಳು. ಚಿಗರಿ ಹಿಂಡು ಬಂದು ತೊಗರಿ ಮೇಯುತ್ತದೆ ಎಂದು ಸಾವ್ಕಾರರು ಬೇಲಿಯ ತಂತಿಗೆ ಕರೆಂಟ್ ಕೊಟ್ಟಿದ್ದರು. ಗಬ್ಬದ ಚಿಗರಿಯೊಂದು ಅದಕ್ಕೆ ತಗುಲಿ ಸತ್ತಿತು. ಅದರ ಹಿಂದೆಯೇ ಭೀಮನಗರದ ಹಣಮಮ್ಮನ ಹಾಲು ಕೊಡುವ ಆಡೂ ಸತ್ತಿತು. ಚಿಗರಿಯ ಸಾವು ಪೇಪರಿನಲ್ಲಿ ಫೋಟೊ ಸಮೇತ ಬಂತು. ಆಡಿನ ಪರವಾಗಿ ಬಾಯಿ ಮಾಡಲು ಹಣಮಮ್ಮ ಒಬ್ಬಳೇ. ಆದರೆ ಆ ಬಾಯಿ ಸಾಮಾನ್ಯದ್ದಲ್ಲ. ಸತ್ತ ಆಡನ್ನು ತಹಶೀಲ್ದಾರ್ ಕಚೇರಿಯ ಮೆಟ್ಟಿಲ ಮೇಲೆ ಮಲಗಿಸಿ, ಅದರ ಪಕ್ಕದಲ್ಲಿ ತಾನೂ ಕೂತು, ಒಳಗಿದ್ದವರ ವಂಶವನ್ನೆಲ್ಲ ಹೆಸರು ಹಿಡಿದು ವಿಚಾರಿಸಿದಳು. ಕೇಸಾಯಿತು, ತಂತಿ ಇಳಿಯಿತು. ಸಾಯಬಣ್ಣ ಸಾವ್ಕಾರರು ಮಾತ್ರ, "ಚಿಗರಿ ತಡ್ಯಾಕ ಬ್ಯಾರೆ ಏನರ ಕೊಡ್ರಿ. ಇಲ್ಲಂದ್ರ ನಾ ಮತ್ತ ತಂತಿ ಹಾಕಾಂವನೇ" ಎಂದು ಎಲ್ಲರ ಮುಂದೆ ಹೇಳಿಟ್ಟರು.

ಆ 'ಏನರ' ಎಂಬುದೇ ವ್ಯಾಘ್ರಘೋಷ. ಹೊಲದ ನಡುವೆ ಕಂಬ, ಕಂಬದ ಮೇಲೆ ಸ್ಪೀಕರ್, ಸ್ಪೀಕರಿನಲ್ಲಿ ಹುಲಿಯ ಗರ್ಜನೆ. ಪೆಟ್ಟಿಗೆಗಳನ್ನು ಕಪನೂರದ ಒಂದು ವರ್ಕ್‌ಶಾಪಿನಲ್ಲಿ ಮಾಡಿಸಿದರು. ಗರ್ಜನೆಯನ್ನು ಫೋನಿನಿಂದ ಇಳಿಸಿಕೊಂಡರು. ಹಾಗಾಗಿ ಹುಲಿ ಒಂದು ಸಲ ಗರ್ಜಿಸಿದ ಮೇಲೆ ಹೆಣ್ಣು ದನಿಯೊಂದು ಬಂದು, "ಚಾನೆಲ್ ಕೋ ಸಬ್‌ಸ್ಕ್ರೈಬ್ ಕೀಜಿಯೇ" ಎಂದು, ನಮ್ಮ ಚಾನೆಲಿಗೆ ಸೇರಿಕೊಳ್ಳಿ ಎಂದು, ಹಿಂದಿಯಲ್ಲಿ ಬೇಡುತ್ತಿತ್ತು. ಅದನ್ನು ತೆಗೆಸಿ ಎಂದರೆ ಸರ್ ಕೇಳಲಿಲ್ಲ. ಹುಲಿಯ ಜೊತೆ ಮನುಷ್ಯರೂ ಇದ್ದಾರೆ ಎಂದು ತಿಳಿದರೆ ಚಿಗರಿ ಇನ್ನೂ ಹೆದರುತ್ತವಂತೆ.

"ಸರ್, ಇದು ಕೆಲಸ ಮಾಡ್ತದೋ ಇಲ್ಲೋ ಗೊತ್ತಾಗಬೇಕಂದ್ರ ಒಂದು ಪದ್ಧತಿ ಅದ" ಅಂದೆ. "ಕೆಲವು ಹೊಲಕ್ಕ ಮಷೀನ್ ಕೊಡಬೇಕು, ಕೆಲವಕ್ಕ ಕೊಡಬಾರದು. ಆಮ್ಯಾಲೆ ಎರಡೂ ಹೋಲಿಸಬೇಕು. ಕೊಡದೇ ಬಿಟ್ಟ ಹೊಲಕ್ಕ ಕಂಟ್ರೋಲ್ ಅಂತಾರ. ಯಾರಿಗಿ ಏನು ಅಂತ ಚೀಟಿ ಎತ್ತಿ ತೀರ್ಮಾನ ಮಾಡಬೇಕು. ಮುಖ ನೋಡಿ ಮಣಿ ಹಾಕಿದ್ರ ಪರೀಕ್ಷಾನೇ ಸುಳ್ಳ ಆಗ್ತದ."

"ಚೀಟಿ ಯಾಕ್ರೀ ಮೇಡಂ? ಮಷೀನ್ ಆಗಲೇ ಹಂಚೇ ಆಗ್ಯದ."

"ಯಾರಿಗಿ?"

"ಉದ್ಘಾಟನಾ ದಿನ ಸ್ಟೇಜ್ ಮ್ಯಾಲೆ ಯಾರ್ ಕುಂತಿದ್ರೋ ಅವರಿಗಿ."

"ಮತ್ತ ಕಂಟ್ರೋಲ್ ಯಾರು?"

ಸರ್ ಒಂದು ಗಳಿಗೆ ಕಿಟಕಿಯ ಆಚೆ ನೋಡಿದರು. "ಉಳದವ್ರು" ಅಂದರು.

ಉಳಿದವರು ಎಂದರೆ ಹಳ್ಳದ ಆ ಕಡೆಯವರು ಎಂದು ನಾನು ನಕಾಶೆ ನೋಡದೆ ಹೇಳಬಲ್ಲೆ. ನಾನು ಹುಟ್ಟಿದ್ದೂ ಅಂಥದೇ ಒಂದು ಓಣಿಯಲ್ಲಿ. ಆ ದಿನ ನಾನು ಆಡಿದ ಮಾತಿಗೆ ಕೆಳಗಿನ ಸೀರೆ ಅಂಗಡಿಯ ಗಿರಾಕಿಗಳು ಮೇಲೆ ನೋಡಿದರಂತೆ. ಸರ್ ನನ್ನ ಬಾಯಿಗೆ ಹೆದರಿ, ಮರುದಿನವೇ ಚಿಂಚೋಳಿ ಕಡೆಯ ಇನ್ನೊಂದು ಯೋಜನೆಗೆ ಕಳಿಸಿಬಿಟ್ಟರು. ಕಂಟ್ರೋಲ್ ವಿಷಯ ತಾವೇ ಕಮಲಾಪುರಕ್ಕೆ ಹೋಗಿ ತಿಳಿಸುವುದಾಗಿ ಹೇಳಿದರು. ಜೀಪಿನ ಡ್ರೈವರ್ ಸಲಾವುದ್ದೀನ್ ಭಾಯಿಯನ್ನು ಕರೆದುಕೊಂಡು ಹೋಗಿ ತಿಳಿಸಿಯೂ ಬಂದರು. ಓಣಿಯಲ್ಲಿ ಬೇರೆ ಯಾರೂ ಒಪ್ಪಲಿಲ್ಲ, ಹಣಮಮ್ಮ ಮಾತ್ರ ಕೇಳಿದ ಕೂಡಲೇ ಒಪ್ಪಿದಳು ಎಂದು ಫೋನಿನಲ್ಲಿ ಹೇಳಿದರು. ಸಾವ್ಕಾರರ ಮೇಲೆ ಆಡಿನ ಸಿಟ್ಟು ಇಟ್ಟುಕೊಂಡ ಹೆಂಗಸು ನಮ್ಮ ಪರೀಕ್ಷೆಗೆ ಇಷ್ಟು ಸುಲಭವಾಗಿ ಹೇಗೆ ಒಪ್ಪಿದಳು ಎಂದು ನನಗೆ ಆಶ್ಚರ್ಯವೇ ಆಯಿತು.

ಮಳೆಗಾಲ ಹೋಯಿತು. ತೊಗರಿ ಹೂ ಬಿಟ್ಟು ಕಾಯಿ ಕಟ್ಟಿ, ರಾಶಿಯ ಹೊತ್ತಿಗೆ ನನ್ನನ್ನು ವಾಪಸ್ ಕರೆಸಿದರು. ಆಫೀಸಿಗೆ ಕಾಲಿಡುವುದರೊಳಗೆ ಸರ್ ಫೋನಿನಲ್ಲಿ ಎರಡು ಫೋಟೊ ತೋರಿಸಿದರು. ಒಂದರಲ್ಲಿ ಸಾಯಬಣ್ಣ ಸಾವ್ಕಾರರು ಎದೆಯೆತ್ತರದ ತೊಗರಿ ನಡುವೆ ಹಲ್ಲು ಬಿಟ್ಟು ನಿಂತಿದ್ದರು. ಇನ್ನೊಂದರಲ್ಲಿ ಬರೀ ಕಡ್ಡಿ.

"ಇದು ಹಣಮಮ್ಮನ ಹೊಲ. ಒಂದು ಎಲಿ ಉಳದಿಲ್ಲ ನೋಡ್ರಿ!" ಸರ್ ಕುಣಿಯುವುದೊಂದು ಬಾಕಿ. "ಸಾವ್ಕಾರ್ರ ಹೊಲ ತುಂಬ್ಯದ, ಈಕಿದು ಬೋಳಾಗ್ಯದ. ಇಂಪ್ಯಾಕ್ಟ್ ಅಂದ್ರ ಇದೂ! ಆಕಿ ಹೊಲ ಇನ್ನೂ ಒಂದೀಟು ಹಾಳಾಗಿದ್ರ ನಮಗ ರಾಜ್ಯ ಮಟ್ಟದ ಪ್ರಶಸ್ತಿ ಬರ್ತಿತ್ತು."

ಒಬ್ಬ ಹೆಂಗಸಿನ ಹೊಲ ಬೋಳಾದಷ್ಟೂ ನಮ್ಮ ಯಶಸ್ಸು ದೊಡ್ಡದಾಗುತ್ತದೆ ಎಂಬ ಲೆಕ್ಕ ಕೇಳಿ ನನ್ನ ಮೈ ಉರಿಯಿತು. ಅಷ್ಟೇ ಅಲ್ಲ, ಅನುಮಾನವೂ ಬಂತು. ಚಿಗರಿ ಮೇಯುತ್ತವೆ, ನಿಜ. ಆದರೆ ಕ್ಷೌರ ಮಾಡಿದಂತೆ ಹೊಲ ಬೋಳಿಸುವುದಿಲ್ಲ. ಜೀಪು ಕೇಳಿದರೆ ಅದು ಸನ್ಮಾನದ ಹಾರ ತರಲು ಹೋಗಿತ್ತು. ಬಸ್ಸು ಹಿಡಿದು ಕಮಲಾಪುರಕ್ಕೆ ಹೋದೆ.

ಸಾಯಬಣ್ಣ ಸಾವ್ಕಾರರು ಕಟ್ಟೆಯ ಮೇಲೆ ಕೂತಿದ್ದರು. ಒಳಗಿಂದ ಅವರ ಹೆಂಡತಿ ನೀಲಗಂಗಮ್ಮ ಒಂದು ತಟ್ಟೆಯಲ್ಲಿ ಕೆಂಪು ಬಾಳೆಹಣ್ಣು ತಂದಿಟ್ಟಳು. ನಾನು ಒಂದು ಸುಲಿಯುತ್ತಾ ಮಷೀನ್ ನೋಡಬೇಕೆಂದೆ. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಅಲ್ಲಿ ಅದ ನೋಡವ್ವ ಹುಲಿ" ಎಂದು ನೀಲಗಂಗಮ್ಮ ಮೂಲೆ ತೋರಿಸಿದಳು. ಗೋಣಿಚೀಲದೊಳಗೆ ಕಟ್ಟಿಟ್ಟ ಸ್ಪೀಕರಿನ ಬಾಯಿ ಹೊರಗೆ ಕಾಣುತ್ತಿತ್ತು.

"ಇದನ್ನ ಯಾವಾಗ ಬಂದ್ ಮಾಡಿದ್ರಿ?"

"ಹಚ್ಚಿದ ವಾರದಾಗೇ!" ನೀಲಗಂಗಮ್ಮನೇ ಹೇಳಿದಳು. "ಎಮ್ಮಿ ಹಾಲ ಕೊಡೂದು ಬಿಡ್ತು. ಆ ಹುಲೀದು ಹೆಂಗರ ಇರಲಿ, ಹಿಂದ ಒಬ್ಬಾಕಿ ಕೀಜಿಯೇ ಕೀಜಿಯೇ ಅಂತಾಳಲ್ಲ, ಆಕಿ ಕಾಟ ತಡ್ಯಾಕಾಗಲಿಲ್ಲ. ಮನ್ಯಾಗ ಆಕಿ ಇರಬೇಕು, ಇಲ್ಲಾ ನಾ ಇರಬೇಕು ಅಂದೆ."

"ಬರೀ ನಾವೇ ಅಲ್ರೀ, ಎಲ್ಲಾರೂ ಬಂದ್ ಮಾಡ್ಯಾರ" ಎಂದು ಸಾವ್ಕಾರರು ಸೇರಿಸಿದರು. "ಹಚ್ಚಿದಾಗ ಏನಾತು ಕೇಳ್ರಿ. ಊರಾಗಿನ ನಾಯಿ ಪೂರಾ ಹೆದರಿ ಬಸ್‌ಸ್ಟ್ಯಾಂಡಿಗಿ ಓಡಿ ಹೋದ್ವು. ನಾಯಿ ಇಲ್ಲಂತ ಚಿಗರಿ ಆರಾಮ ಬಂದು ಸ್ಪೀಕರಿನ ಬುಡಕ್ಕೇ ಮಲಗಿದ್ವು."

"ಮತ್ತ ನಿಮ್ಮ ತೊಗರಿ ಹೆಂಗ ಉಳೀತು?"

"ಅದೇ ಮಜಾ. ಬಂದ್ ಮಾಡಿದ ಮ್ಯಾಲೆ ಒಂದು ಚಿಗರೀನೂ ಈ ಕಡೆ ಹಾಯಲಿಲ್ಲ. ನಸೀಬ ಚಲೋ ಅದ."

ನಸೀಬ! ನಾನು ಅರ್ಧ ಹಣ್ಣು ಅಲ್ಲೇ ಬಿಟ್ಟು ಎದ್ದೆ. ಹಳ್ಳ ದಾಟಿ ಹಣಮಮ್ಮನ ಹೊಲಕ್ಕೆ ಬಂದವಳು ಬದುವಿನ ಮೇಲೆ ಹಾಗೇ ನಿಂತುಬಿಟ್ಟೆ.

ಹಾಡಹಗಲು, ಚಿಗರಿಗಳ ಹಿಂಡು ಹೊಲದ ತುಂಬ ನಿಂತು, ಕೊಯ್ದು ಹರವಿದ್ದ ಕೊನೆಯ ತೊಗರಿ ಹೊರೆಗಳನ್ನು ಮೇಯುತ್ತಿತ್ತು. ನನ್ನನ್ನು ನೋಡಿಯೂ ಒಂದೂ ಓಡಲಿಲ್ಲ. ಬೇವಿನ ಗಿಡದ ಕೆಳಗೆ ಹಣಮಮ್ಮ ಸೆರಗು ಸೊಂಟಕ್ಕೆ ಸಿಗಿಸಿ, ಕೈಯಲ್ಲಿ ಕೋಲು ಹಿಡಿದು ಕೂತಿದ್ದಳು. ಕೋಲು ಚಿಗರಿಗಲ್ಲ, ನಾಯಿಗೆ. ನಾಯಿ ಬಂದರೆ ಅಟ್ಟುತ್ತಿದ್ದಳು, ಚಿಗರಿಗೆ ಬಾಯಿಂದ ಬೈಯುತ್ತಿದ್ದಳು.

"ಏ ಕರಿಯಾ, ಹಿಂದ ಸರಿ! ಕೋಡ ಅದಾವಂತ ಮುಂದ ಬರ್ತಿ ಏನು? ಮರಿ ಇದ್ದಾಕಿ ಮೊದಲ ತಿನ್ಲಿ. ನಿಂದು ಮುಂಜಾನೆನೇ ಆಗ್ಯದ, ನಾ ನೋಡಿಲ್ಲಂತ ತಿಳಕೊಂಡೀಯಾ?"

ಅವಳ ಹಿಂದೆ ಗಿಡಕ್ಕೆ ಒಂದು ಹಲಗೆ ತೂಗುಹಾಕಿತ್ತು. ಅದರ ಮೇಲೆ ಬಿಳಿ ಬಣ್ಣದಲ್ಲಿ ದುಂಡಗೆ ಬರೆದಿತ್ತು: ಚಿಗರಿ ಕಂಟ್ರೋಲ್. ಶುಕ್ರವಾರ ರಜಾ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಕಂಟ್ರೋಲ್ ಎಂದರೆ ರೇಶನ್ ಅಂಗಡಿ. ನಮ್ಮ ಅಜ್ಜಿ ಕಂಟ್ರೋಲಿಗೆ ಹೋಗಿ ಬರ್ತೀನಿ ಅನ್ನುತ್ತಿದ್ದಳು, ಅವ್ವನೂ ಅದನ್ನೇ ಅನ್ನುತ್ತಾಳೆ. ಕಂಟ್ರೋಲಿನ ಅಕ್ಕಿ, ಕಂಟ್ರೋಲಿನ ಸಕ್ಕರೆ, ಕಂಟ್ರೋಲಿನ ಮುಂದೆ ಜಗಳ. ನನಗೆ ಇದು ಗೊತ್ತಿರದ ವಿಷಯವೇ? ಆದರೆ ಆಫೀಸಿನಲ್ಲಿ ಆ ಶಬ್ದ ಬಾಯಿಗೆ ಬಂದಾಗ ಅಜ್ಜಿಯ ಚೀಲ ನೆನಪಾಗಲೇ ಇಲ್ಲ. ಎಂ.ಎಸ್ಸಿ. ಮಾಡಿದರೆ ಹೀಗೂ ಆಗುತ್ತದೆ.

"ಯವ್ವಾ, ಇದೇನು ಮಾಡಾಕತ್ತೀ?" ಎಂದೆ.

"ಡೂಟಿ ಮಾಡಾಕತ್ತೀನಿ ತಂಗಿ. ಬಾ, ಕುಂಡ್ರು. ನೀ ಆಫೀಸಿನಾಕಿ ಹೌದಲ್ಲ?" ಹಣಮಮ್ಮ ಗಡಿಗೆಯಿಂದ ನೀರು ಕೊಟ್ಟಳು. "ನಿಮ್ಮ ಸಾಹೇಬ್ರು ಬಂದು ಹೇಳಿದ್ರು, ಹಣಮಮ್ಮ, ನಿನ್ನ ಹೊಲ ಕಂಟ್ರೋಲ್ ಅಂತ. ಚಿಗರಿ ಬಂದ್ರ ಹೊಡೀಬ್ಯಾಡ, ತಡೀಬ್ಯಾಡ, ತಿಂದ್ರ ತಿನ್ಲಿ ಅಂದ್ರು. ನನಗ ಒಂದು ಗಳಿಗಿ ತಿಳೀಲಿಲ್ಲ. ಸಲಾವುದ್ದೀನನೇ ಬಿಡಿಸಿ ಹೇಳಿದ. ಅವ್ವಾ, ಮುಬಾರಕ್, ಮನಷ್ಯಾರಿಗಿ ಊರಾಗ ಕಂಟ್ರೋಲ್ ಅದ, ಚಿಗರಿಗಿ ನಿನ್ನ ಹೊಲದಾಗ ಮಾಡ್ಯಾರ, ನೀನೇ ಡೀಲರ್ ಅಂದ. ಬೋರ್ಡೂ ಅವನೇ ಬರದು ತಂದಾನ, ಭಾಳ ಚಲೋ ಮನಷ್ಯಾ."

ನನಗೆ ಮೊದಲು ನಗು ಬಂತು. ಗಂಟಲವರೆಗೆ ಬಂದ ನಗುವನ್ನು ಅಲ್ಲೇ ನುಂಗಿದೆ. ಯಾಕೆಂದರೆ ಹಣಮಮ್ಮ ನಗುತ್ತಿರಲಿಲ್ಲ. ಅವಳ ಮುಖದಲ್ಲಿ ನಾನು ಬೇರೆಲ್ಲೂ ಕಾಣದ ಒಂದು ಹೆಮ್ಮೆ ಇತ್ತು.

"ನಮ್ಮ ಓಣ್ಯಾಗ ಇಲ್ಲೀತನಕ ಯಾರಿಗೂ ಡೀಲರ್‌ಶಿಪ್ ಕೊಟ್ಟಿಲ್ಲ ತಂಗಿ. ನಾನೇ ಮೊದಲನೇದಾಕಿ. ಊರಾಗಿನ ಕಂಟ್ರೋಲ್‌ದಾಂವ ತೂಕದಾಗ ಹೊಡೀತಾನ, ಇವತ್ತ ಬಾ ನಾಳಿ ಬಾ ಅಂತಾನ. ನಾ ಒಂದು ಚಿಗರಿಗೂ ನಾಳಿ ಬಾ ಅಂದಿಲ್ಲ. ಶುಕ್ರವಾರ ರಜಾ ಅಂತ ಬರದದ ಖರೆ, ಅವಕ್ಕ ಓದಾಕ ಬರಂಗಿಲ್ಲ. ಬಂದ್ರ ಹಾಕ್ತೀನಿ. ಹಳ್ಳದ ಆ ಕಡಿಯಿಂದೂ ಎಲ್ಲಾ ಗಿರಾಕಿ ನನ್ನಲ್ಲೇ ಬರ್ತಾವ ಈಗ."

ಹಾಗಾದರೆ ಸಾವ್ಕಾರರ ನಸೀಬ ಇಲ್ಲಿ ಕೂತಿತ್ತು. ನಾಯಿಯ ಭಯವಿಲ್ಲದೆ ಹೊಟ್ಟೆ ತುಂಬ ಸಿಗುವಾಗ ಚಿಗರಿ ಇನ್ನೊಂದು ಹೊಲಕ್ಕೆ ಯಾಕೆ ಹೋಗಬೇಕು?

"ಈ ಹೊಲ ಅಂದ್ರ ನಮ್ಮ ಮನೀ ವರ್ಷದ ಬ್ಯಾಳಿ" ಎಂದು ಹಣಮಮ್ಮ ದನಿ ಸ್ವಲ್ಪ ತಗ್ಗಿಸಿದಳು. "ಅದು ಪೂರಾ ಇವಕ್ಕ ಹಾಕೀನಿ. ಮನ್ಯಾಗ ಡಬ್ಬಿ ಖಾಲಿ ಆಗ್ಯದ. ನಮ್ಮ ಜೈಭೀಮನ ಹೆಂಡ್ತಿ ದಿನಾ ಕೇಳ್ತಾಳ, ಅತ್ತಿ, ನಿಮ್ಮ ಸರಕಾರದ ತೊಗರಿ ಯಾವಾಗ ಬರ್ತದ ಅಂತ. ಕಂಟ್ರೋಲ್ ಅಂದ ಮ್ಯಾಲೆ ಮ್ಯಾಲಿಂದ ಸ್ಟಾಕ್ ಬರಬೇಕಲ್ಲ? ಯಾವಾಗ ಕಳಸ್ತೀರಿ?"

ಆಫೀಸಿನಲ್ಲಿ ಮಾಳಿಗೆ ಹಾರುವಂತೆ ಮಾತಾಡುವವಳು ನಾನು. ಸ್ಟಾಕ್ ಇಲ್ಲ, ನೀನು ಡೀಲರ್ ಅಲ್ಲ ಎಂದು ಆ ಮುಖಕ್ಕೆ ಹೇಳಲು ನನ್ನ ಕೈಲಾಗಲಿಲ್ಲ. "ಕೇಳಿ ಹೇಳ್ತೀನಿ ಯವ್ವಾ" ಎಂದು ಬಸ್‌ಸ್ಟ್ಯಾಂಡಿಗೆ ಬಂದೆ. ಅಲ್ಲಿ ಹುಲಿಗೆ ಹೆದರಿ ಬಂದ ನಾಯಿಗಳು ಭಜಿ ಅಂಗಡಿಯ ಮುಂದೆ ಸುಖವಾಗಿ ಮಲಗಿದ್ದವು.

ಮರುದಿನ ವಿವೇಕಾನಂದ ಸರ್ ಎದುರು ಕುರ್ಚಿ ಎಳೆದುಕೊಂಡು ಕೂತು ಎಲ್ಲವನ್ನೂ ಹೇಳಿದೆ. ಮಷೀನ್‌ಗಳು ಗೋಣಿಚೀಲದಲ್ಲಿವೆ. ಸಾವ್ಕಾರರ ತೊಗರಿ ಉಳಿಸಿದ್ದು ಹುಲಿ ಅಲ್ಲ, ಹಣಮಮ್ಮನ ತಪ್ಪು ತಿಳುವಳಿಕೆ. ಆಕೆಯ ತೊಗರಿ ಆಕೆಗೆ ಕೊಡಲೇಬೇಕು.

ಸರ್ ಫೋನಿನಲ್ಲಿದ್ದ ಎರಡೂ ಫೋಟೊ ಇನ್ನೊಮ್ಮೆ ನೋಡಿದರು. "ಮಷೀನ್ ಬಂದ್ ಇದ್ದಾಗ್ಲೂ ಚಿಗರಿ ಬಂದಿಲ್ಲ ಅಂತೀರಿ?"

"ಹೌದು ಸರ್."

"ಅಂದ್ರ ನೋಡ್ರಿ, ಬಂದ್ ಇದ್ದಾಗ್ಲೇ ಇಷ್ಟು ಕೆಲಸ ಮಾಡ್ಯಾವ. ಚಾಲೂ ಇದ್ದಿದ್ರ?"

ನಾನು ಮೇಜಿನ ಮೇಲಿದ್ದ ಪೇಪರ್ ವೇಟ್ ಕೈಗೆತ್ತಿಕೊಂಡೆ. ಅದನ್ನು ನೋಡಿ ಸರ್ ಸ್ವಲ್ಪ ಹಿಂದೆ ಸರಿದು ಕೂತರು.

"ಪರಿಹಾರದ ಮಾತು ಹೇಳ್ರಿ" ಅಂದೆ.

"ಅದಕ್ಕ ರೂಲ್ ಇಲ್ಲ ಮೇಡಂ. ಮಷೀನ್ ಕೊಟ್ಟು ಫೇಲ್ ಆದ್ರ ಪರಿಹಾರ ಅದ. ಮಷೀನ್ ಫೇಲ್ ಅಂತ ನೀವು ಬರದ್ರ ಆ ಪರಿಹಾರ ಸಾಯಬಣ್ಣ ಸಾವ್ಕಾರ್ರಿಗಿ ಹೋಗ್ತದ. ಹಣಮಮ್ಮನ ಹೊಲದಾಗ ನಾವು ಏನೂ ಮಾಡಿಲ್ಲ. ಏನೂ ಮಾಡದೇ ಇದ್ದಾಗ ನಷ್ಟ ಹೆಂಗ ಆಗ್ತದ?"

ಸುಳ್ಳು ಬರೆದರೆ ಸಾವ್ಕಾರರಿಗೆ ಸನ್ಮಾನ, ಸತ್ಯ ಬರೆದರೆ ಸಾವ್ಕಾರರಿಗೆ ಪರಿಹಾರ. ಹಣಮಮ್ಮನ ಡಬ್ಬಿಗೆ ಎರಡರಲ್ಲೂ ಬೇಳೆ ಬೀಳುವಂತಿರಲಿಲ್ಲ. ಆದರೂ ನಾನು ಸತ್ಯವನ್ನೇ ಬರೆದೆ. ಮಷೀನ್ ಕೆಲಸ ಮಾಡಿದ್ದಕ್ಕೆ ಪುರಾವೆ ಇಲ್ಲ. ಯಾರಿಗೆ ಯಂತ್ರ, ಯಾರಿಗೆ ಇಲ್ಲ ಎಂಬುದನ್ನು ಮುಖ ನೋಡಿ ನಿರ್ಧರಿಸಿದ್ದರಿಂದ ಈ ಪರೀಕ್ಷೆಯೇ ಪರೀಕ್ಷೆಯಲ್ಲ ಎಂದು ಬರೆದೆ. ಸರ್ ಅದನ್ನು ವಾಪಸ್ ಕೊಟ್ಟು, "ಭಾಷಾ ಸ್ವಲ್ಪ ಪಾಸಿಟಿವ್ ಮಾಡ್ರಿ" ಅಂದರು. ಸನ್ಮಾನ ಸಮಾರಂಭದ ಆಮಂತ್ರಣ ಪತ್ರಿಕೆ ಆಗಲೇ ಅಚ್ಚಾಗಿ ಬಂದಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದರಲ್ಲಿ ನಮ್ಮ ಆಫೀಸನ್ನು ಮೀರಿಸುವವರಿಲ್ಲ.

ಸಮಾರಂಭ ಕಲಬುರಗಿಯ ಒಂದು ದೊಡ್ಡ ಸಭಾಭವನದಲ್ಲಿ. ಬೆಂಗಳೂರಿನಿಂದ ಬಂದ ದೊಡ್ಡ ಅಧಿಕಾರಿಯೊಬ್ಬರು ಮುಖ್ಯ ಅತಿಥಿ. ದೀಪ ಹಚ್ಚಿದ ಕೂಡಲೇ ಸ್ಪೀಕರಿನಿಂದ ಹುಲಿಯ ಗರ್ಜನೆ ಮೊಳಗಿತು, ಹಿಂದೆಯೇ ಕೀಜಿಯೇ ಬಂತು. ಮುಂದಿನ ಸಾಲಿನಲ್ಲಿದ್ದ ನೀಲಗಂಗಮ್ಮ ಎರಡೂ ಕಿವಿ ಮುಚ್ಚಿಕೊಂಡಳು. ವ್ಯಾಘ್ರಘೋಷವನ್ನು ಇಡೀ ಜಿಲ್ಲೆಗೆ ವಿಸ್ತರಿಸುವುದಾಗಿ ಘೋಷಣೆಯಾಯಿತು. ಸಾಯಬಣ್ಣ ಸಾವ್ಕಾರರಿಗೆ ಶಾಲು, ಪೇಟ, ಹಾರ ಬಿದ್ದವು. ಕೊನೆಗೆ ಹಣಮಮ್ಮನನ್ನು 'ಮಾದರಿ ಕಂಟ್ರೋಲ್ ರೈತ ಮಹಿಳೆ' ಎಂದು ಕರೆದು, ಒಂದು ಶಾಲು ಹೊದಿಸಿ ಕೈಯಲ್ಲಿ ಕೆಂಪು ಬಾಳೆಯ ಚಿಪ್ಪು ಇಟ್ಟರು. ಸರ್ ಉತ್ಸಾಹದಲ್ಲಿ ಎರಡು ಮಾತಾಡಲು ಮೈಕನ್ನೂ ಕೊಟ್ಟರು.

"ಎಲ್ಲಾರಿಗೂ ಜೈ ಭೀಮ್" ಎಂದು ಹ‌ಣಮಮ್ಮ ಶುರು ಮಾಡಿದಳು. "ನಾ ಹಣಮಮ್ಮ, ಚಿಗರಿ ಕಂಟ್ರೋಲ್ ಡೀಲರ್. ದುಕಾನ್ ಚಲೋ ನಡದದ. ಗಿರಾಕಿದು ಏನೂ ತಕರಾರಿಲ್ಲ. ತಕರಾರು ನಂದದ. ನನ್ನ ಮನೀ ತೊಗರಿ ಎಲ್ಲಾ ಹಾಕಿ ಮುಗದದ, ಮ್ಯಾಲಿಂದ ಇನ್ನೂ ಸ್ಟಾಕ್ ಬಂದಿಲ್ಲ. ಶಾಲು ಕೊಟ್ರಿ, ಹಣ್ಣ ಕೊಟ್ರಿ, ಚಲೋ ಆತು. ಸ್ಟಾಕ್ ಯಾವಾಗ ಕಳಸ್ತೀರಿ ಅದೊಂದು ಹೇಳಿಬಿಡ್ರಿ."

ಸಭೆಯಲ್ಲಿ ನಗು ಎದ್ದಿತು. ಸರ್ ಓಡಿ ಬಂದು, "ಅವರು ಹಾಸ್ಯ ಮಾಡಾಕತ್ತಾರ" ಎಂದು ಮೈಕಿಗೆ ಕೈ ಹಾಕಿದರು. ಹಣಮಮ್ಮ ಮೈಕ್ ಬಿಡಲಿಲ್ಲ. ಅವಳ ಕಣ್ಣು ಸಭೆಯಲ್ಲಿ ನನ್ನನ್ನು ಹುಡುಕಿತು. "ತಂಗಿ, ನೀ ಕೇಳಿ ಹೇಳ್ತೀನಿ ಅಂದಿದ್ದಿ. ಕೇಳ್ದಿ ಏನು?"

ನಾನು ಎದ್ದು ವೇದಿಕೆಗೆ ಹೋದೆ.

"ಸ್ಟಾಕ್ ಬರಂಗಿಲ್ಲ ಯವ್ವಾ. ಇವರು ಅಂದ ಕಂಟ್ರೋಲ್ ರೇಶನ್ನಿಂದು ಅಲ್ಲ. ಪರೀಕ್ಷಾದಾಗ ಒಂದು ಹೊಲಕ್ಕ ಮಷೀನ್ ಕೊಡ್ತಾರ, ಇನ್ನೊಂದಕ್ಕ ಏನೂ ಕೊಡಂಗಿಲ್ಲ. ಏನೂ ಕೊಡದೇ, ಏನೂ ಮಾಡದೇ, ಏನಾಗ್ತದ ಅಂತ ಸುಮ್ನ ನೋಡ್ತಾರ. ಆ ಹೊಲಕ್ಕ ಕಂಟ್ರೋಲ್ ಅಂತಾರ."

"ಅಂದ್ರ ನಾ ಡೀಲರ್ ಅಲ್ಲ?"

"ಅಲ್ಲ ಯವ್ವಾ."

ಹಣಮಮ್ಮ ಶಾಲಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ಆ ಹೆಮ್ಮೆ ಮುಖದಿಂದ ಇಳಿದು ಹೋಗುವುದನ್ನು ನಾನು ಪಕ್ಕದಲ್ಲೇ ನಿಂತು ನೋಡಿದೆ. ನನಗೆ ಅಳು ಬಂತು, ಎಲ್ಲರ ಮುಂದೆಯೇ ಅತ್ತೆ.

"ಏನೂ ಕೊಡೂದಿಲ್ಲ, ಏನೂ ಮಾಡೂದಿಲ್ಲ, ದೂರ ನಿಂತು ನೋಡೂದು" ಎಂದು ಆಕೆ ಮೆಲ್ಲಗೆ ತನಗೇ ಹೇಳಿಕೊಂಡಳು. ಮೈಕ್ ಅದನ್ನು ಎಲ್ಲರಿಗೂ ಕೇಳಿಸಿತು. "ಅಷ್ಟೇ ಆದ್ರ ಹೊಸಾದೇನದ ತಂಗಿ? ನಮ್ಮ ಓಣಿ ಪೂರಾ ಮೊದಲಿಂದೂ ಕಂಟ್ರೋಲೇ ಅದ."

ಫೋನಿನಲ್ಲಿ ಮುಳುಗಿದ್ದ ಮುಖ್ಯ ಅತಿಥಿಗಳು ಕೊನೆಯ ಮಾತು ಮಾತ್ರ ಕೇಳಿಸಿಕೊಂಡು ತಲೆ ಎತ್ತಿದರು. "ಓಣಿ ಪೂರ್ತಿ ಕಂಟ್ರೋಲಿನಲ್ಲಿದೆ ಎಂದು ತಿಳಿದು ಬಹಳ ಸಂತೋಷವಾಯಿತು" ಎಂದು ಚಪ್ಪಾಳೆ ತಟ್ಟಿದರು. ವಿವೇಕಾನಂದ ಸರ್ ಕೂಡ ತಟ್ಟಿದರು. ಬೇರೆ ಯಾರೂ ತಟ್ಟಲಿಲ್ಲ.

ಹಣಮಮ್ಮ ಬಾಳೆಯ ಚಿಪ್ಪನ್ನು ನನ್ನ ಕೈಗೆ ಕೊಟ್ಟು ಸೆರಗು ಸೊಂಟಕ್ಕೆ ಸಿಗಿಸಿದಳು. ತಹಶೀಲ್ದಾರ್ ಕಚೇರಿಯ ಹಣಮಮ್ಮ ವಾಪಸ್ ಬಂದಿದ್ದಳು.

"ಸಾವ್ಕಾರ್ರ, ಎದ್ದು ನಿಂದರ್ರಿ ಒಂದೀಟು. ನಿಮ್ಮ ಹೊಲದ ಗಿರಾಕಿ ಈ ವರ್ಷ ಎಲ್ಲಿ ಉಂಡಾವ?"

ಸಾಯಬಣ್ಣ ಸಾವ್ಕಾರರು ಪೇಟ ಸರಿ ಮಾಡಿಕೊಳ್ಳುತ್ತಾ ಎದ್ದರು. "ನಾ ಏನ್ ನಿನಗ ಮೇಯಿಸು ಅಂತ ಹೇಳೀನೇನು? ನನ್ನ ತೊಗರಿ ಹುಲಿ ಉಳಿಸ್ಯದ."

"ಯಾವ ಹುಲಿ? ಎಲ್ಲಿ ಅದ ಹುಲಿ?"

ಸಾವ್ಕಾರರು ಬಾಯಿ ತೆರೆಯುವುದರೊಳಗೆ ನೀಲಗಂಗಮ್ಮ ಎದ್ದಳು. "ಗೋಣಿಚೀಲದಾಗ ಅದ! ಮಳಿಗಾಲದಿಂದ ಮಲಗೇ ಅದ!" ಎಂದು ಗಂಡನ ಕಡೆ ತಿರುಗಿದಳು. "ಸುಳ್ಳ ಯಾಕ ಹೇಳ್ತೀರಿ? ಆಕಿ ಡಬ್ಬಿ ಖಾಲಿ ಆಗ್ಯದಂತ ನಮ್ಮ ಡಬ್ಬಿ ತುಂಬ್ಯದ. ಆಕಿ ತೊಗರಿ ಆಕಿಗಿ ಕೊಡ್ರಿ. ಇಲ್ಲಂದ್ರ ಆ ಕೀಜಿಯೇನ ಕರಕೊಂಡು ನೀವೇ ಸಂಸಾರ ಮಾಡ್ರಿ, ನಾ ತವರಿಗಿ ಹೊಂಟೆ."

ಸಭೆ ಬಿದ್ದು ಬಿದ್ದು ನಕ್ಕಿತು. ಮರುದಿನ ಸಾವ್ಕಾರರ ಟ್ರ್ಯಾಕ್ಟರ್ ಹಳ್ಳ ದಾಟಿತು. ಮಷೀನ್ ಇದ್ದ ಎಲ್ಲರ ಮನೆಯಿಂದಲೂ ಪಾಲು ಬಂತು. ಹಣಮಮ್ಮ ಒಂದೊಂದೇ ಚೀಲದ ಬಾಯಿ ಬಿಚ್ಚಿಸಿ ಕಾಳು ನೋಡಿ ಇಳಿಸಿಕೊಂಡಳು. ಟ್ರ್ಯಾಕ್ಟರಿನ ಬಾಡಿಗೆ ಯಾರದು ಎಂದು ಕೇಳಿದ್ದಕ್ಕೆ, "ಸಪ್ಲೈ ಮಾಡಾಂವಂದೇ" ಅಂದಳಂತೆ.

ವಿವೇಕಾನಂದ ಸರ್ ಮಾತ್ರ ಸೋಲುವ ಆಸಾಮಿಯಲ್ಲ. ವಾರದೊಳಗೆ ವ್ಯಾಘ್ರಘೋಷ ಬಿಟ್ಟು 'ಮೃಗಾನ್ನ' ಎಂಬ ಹೊಸ ಯೋಜನೆ ಬರೆದರು: ಪ್ರತಿ ರೈತ ಹೊಲದ ಒಂದು ಅಂಚನ್ನು ಚಿಗರಿಗೆ ಬಿಡಬೇಕು, ಉಳಿದದ್ದು ಉಳಿಯುತ್ತದೆ. ಅದಕ್ಕೂ ಉದ್ಘಾಟನೆಯ ದಿನ ಗೊತ್ತು ಮಾಡಿದ್ದರು. ನಾನು ಮತ್ತೆ ಕೂಗಾಡಿದೆ. ಒಂದು ಹೊಲದಲ್ಲಿ, ಒಂದು ವರ್ಷ, ಅದೂ ತಪ್ಪಿನಿಂದ ಆದದ್ದನ್ನು ಪುರಾವೆ ಅನ್ನಲಾಗದು. ಅದು ಖರೆಯೂ ಇರಬಹುದು, ಹುಲಿಯಂತೆ ಪೊಳ್ಳೂ ಇರಬಹುದು. ಮೊದಲು ನೆಟ್ಟಗೆ ಪರೀಕ್ಷೆ ಆಗಲಿ ಅಂದೆ. ಈ ಸಲ ಪೇಪರ್ ವೇಟ್ ಎತ್ತುವ ಮೊದಲೇ ಸರ್ ಒಪ್ಪಿದರು.

ಬಿತ್ತುವ ಮುಂಚೆ ಕಮಲಾಪುರದಲ್ಲಿ, ಹಣಮಮ್ಮನ ಬೇವಿನ ಗಿಡದ ಕೆಳಗೆ ಸಭೆ ಸೇರಿದೆವು. ಹಳ್ಳದ ಎರಡೂ ಕಡೆಯವರು ಬಂದಿದ್ದರು. ಕಂಟ್ರೋಲ್ ಎಂದರೆ ಏನೆಂದು ಈ ಸಲ ನಾನೇ, ನಮ್ಮ ಅಜ್ಜಿಗೂ ತಿಳಿಯುವ ಹಾಗೆ ಬಿಡಿಸಿ ಹೇಳಿದೆ. ಚೀಟಿಯಲ್ಲಿ ಕಂಟ್ರೋಲ್ ಎಂದು ಹೆಸರು ಬಂದವರು ಅಂಚು ಬಿಡುವಂತಿಲ್ಲ, ತಂತಿ ಹಾಕುವಂತಿಲ್ಲ, ನಾಯಿ ಕಟ್ಟುವಂತಿಲ್ಲ, ಏನೂ ಮಾಡದೆ ಸುಮ್ಮನಿರಬೇಕು. ಯಾರ ಬೆಳೆ ಹೋದರೂ ಉಳಿದವರು ತುಂಬಿ ಕೊಡಬೇಕು ಎಂದು ಮೊದಲೇ ಮಾತಾಯಿತು. ಎಲ್ಲರ ಹೆಸರನ್ನೂ ಚೀಟಿ ಬರೆದು ಒಂದು ಕೊಡದಲ್ಲಿ ಹಾಕಿದೆವು. ಚೀಟಿ ಎತ್ತುವ ಕೆಲಸವನ್ನು ಸಲಾವುದ್ದೀನ್ ಭಾಯಿಗೆ ಕೊಟ್ಟೆವು, ಮೊದಲ ತಪ್ಪು ಅವನದೇ ಎಂದು.

ಮೊದಲನೇ ಚೀಟಿ ಬಿಚ್ಚಿ ಅವನು ನನ್ನ ಮುಖ ನೋಡಿದ. ಆಮೇಲೆ ಗಟ್ಟಿಯಾಗಿ ಓದಿದ. "ಕಂಟ್ರೋಲ್: ಸಾಯಬಣ್ಣ ಸಾವ್ಕಾರ್."

ಸಾವ್ಕಾರರ ಮುಖದ ಬಣ್ಣ ಇಳಿಯಿತು. "ಅಂದ್ರ... ವರ್ಷ ಪೂರಾ ನನ್ನ ಹೊಲಕ್ಕ ಯಾರೂ ಏನೂ ಮಾಡಂಗಿಲ್ಲ? ಬರೇ ನೋಡ್ತಾರ?" ಎಂದು ಒಬ್ಬೊಬ್ಬರ ಮುಖವನ್ನೂ ನೋಡಿ ಕೇಳಿದರು.

ಹಣಮಮ್ಮ ಗಡಿಗೆಯಿಂದ ತಣ್ಣಗಿನ ನೀರು ಬಗ್ಗಿಸಿ ಅವರ ಕೈಗೆ ಕೊಟ್ಟಳು.

"ಹೆದರಬ್ಯಾಡ್ರಿ ಸಾವ್ಕಾರ್ರ" ಅಂದಳು. "ನಮಗ ರೂಢಿ ಆಗ್ಯದ. ನಿಮಗೂ ಆಗ್ತದ."